ಒಂದು ತಂತಿ, ಹನ್ನೊಂದು ಮಷಿನ್: ಎಂಸಿಪಿ23017 ಚಿಪ್ ಜೊತೆ 14 ತಿಂಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಪರಿಚಯದ ಕಾಕಾ ಒಬ್ಬರ ಪ್ರೆಸ್ ಶಾಪ್ ಇದೆ. ಏಳು ಪವರ್ ಪ್ರೆಸ್, ಮೂರು ಲೇತ್, ಒಂದು ಟ್ಯಾಪಿಂಗ್ ಮಷಿನ್. ಅಲ್ಲಿ ಕೆಲಸ ಮಾಡುವವರಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಮೊದಲೆಲ್ಲ ಆ ಲೆಕ್ಕ ನಡೆಯುತ್ತಿದ್ದದ್ದು ಸೀಮೆಸುಣ್ಣದಲ್ಲಿ. ಒಂದು ಟ್ರೇ ತುಂಬಿದರೆ ಪಕ್ಕದ ತಗಡಿನ ಮೇಲೆ ಒಂದು ಗೀಟು. ಸಂಜೆ ಗೀಟು ಎಣಿಸುವಾಗ ದಿನಾ ಮಾತಿಗೆ ಮಾತು ಬೆಳೆಯುತ್ತಿತ್ತು. ಅದನ್ನು ನಿಲ್ಲಿಸಬೇಕು ಅಂತ ಕಾಕಾ ಕೇಳಿದರು. ನಾನು ಒಂದು ಎಣಿಕೆ ಡಬ್ಬಿ ಮಾಡಿಕೊಟ್ಟೆ.

ಡಬ್ಬಿಯೊಳಗೆ ಒಂದು ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಇದೆ. ಅದರ ಪಕ್ಕದಲ್ಲಿ ಎಂಸಿಪಿ23017 ಅನ್ನುವ 28 ಕಾಲಿನ ಚಿಪ್. ಈ ಬರಹ ಆ ಚಿಪ್ ಬಗ್ಗೆ. 14 ತಿಂಗಳಿಂದ ಎರಡೂ ಶಿಫ್ಟ್‌ನಲ್ಲಿ ಓಡುತ್ತಿದೆ. ಇಷ್ಟವಾಗಿದೆ, ಇನ್ನೂ ಬಳಸುತ್ತೇನೆ. ಆದರೆ ಇದರ ಇಂಟರಪ್ಟ್ ಕಾಲನ್ನು, ಅಂದರೆ ಏನೋ ಆಯಿತು ನೋಡು ಅಂತ ಪೈಗೆ ಹೇಳುವ ಕಾಲನ್ನು, ಪೈಯ ಸ್ವಂತ ಪಿನ್‌ನಂತೆ ತಿಳಿದು ಡ್ರೈವರ್ (ಚಿಪ್ ಜೊತೆ ಮಾತಾಡುವ ಪ್ರೋಗ್ರಾಂ) ಬರೆದರೆ ಲೆಕ್ಕ ತಪ್ಪುತ್ತದೆ. ನಾನು ಹಾಗೇ ಬರೆದೆ, ಲೆಕ್ಕ ತಪ್ಪಿತು. ಲೆಕ್ಕ ತಪ್ಪಿದರೆ ಅಲ್ಲಿ ಯಾರದೋ ಕೂಲಿ ತಪ್ಪುತ್ತದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಚಿಪ್ ಮಾಡುವ ಕೆಲಸ ಸರಳ. ಐ2ಸಿ ಬಸ್‌ನ (ಚಿಪ್‌ಗಳು ಮಾತಾಡಿಕೊಳ್ಳುವ ದಾರಿಯ) ಎರಡು ತಂತಿ ಕೊಟ್ಟರೆ ನಿಮಗೆ ಎ ಪೋರ್ಟ್‌ನಲ್ಲಿ ಎಂಟು, ಬಿ ಪೋರ್ಟ್‌ನಲ್ಲಿ ಎಂಟು, ಒಟ್ಟು 16 ಪಿನ್ ಸಿಗುತ್ತವೆ. ಮೂರು ಅಡ್ರೆಸ್ ಕಾಲುಗಳಿವೆ. ಅವುಗಳಿಂದ ಹೆಕ್ಸ್ (ಹದಿನಾರರ ಎಣಿಕೆಯ) 20ರಿಂದ 27ರವರೆಗೆ ಅಡ್ರೆಸ್ ಕೊಟ್ಟು ಒಂದೇ ಬಸ್ ಮೇಲೆ ಎಂಟು ಚಿಪ್ ಕೂರಿಸಬಹುದು. 1.8 ವೋಲ್ಟ್‌ನಿಂದ 5.5 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ. ಯಾವುದಾದರೂ ಪಿನ್ ಬದಲಾದರೆ ಸುದ್ದಿ ಹೇಳಲು ಐಎನ್‌ಟಿಎ, ಐಎನ್‌ಟಿಬಿ ಅಂತ ಎರಡು ಇಂಟರಪ್ಟ್ ಕಾಲುಗಳಿವೆ. ಮಿರರ್ ಅನ್ನುವ ಬಿಟ್ ಆನ್ ಮಾಡಿದರೆ ಎರಡೂ ಪೋರ್ಟ್‌ನ ಸುದ್ದಿ ಒಂದೇ ಕಾಲಿನಲ್ಲಿ ಬರುತ್ತದೆ. ಹನ್ನೊಂದು ಮಷಿನ್‌ನ ಸುದ್ದಿ, ಪೈಗೆ ಒಂದೇ ತಂತಿ.

ಪೈಯಲ್ಲೇ 28 ಪಿನ್ ಇವೆಯಲ್ಲ, ಚಿಪ್ ಯಾಕೆ ಅಂತ ಕೇಳಬಹುದು. ನನ್ನ ಉತ್ತರ ಒಂದೇ: ಸುಟ್ಟರೆ ಯಾವುದು ಸುಡಬೇಕು? ಪೈಯ ಪಿನ್ 3.3 ವೋಲ್ಟ್‌ಗಿಂತ ಮೇಲೆ ತಡೆಯುವುದಿಲ್ಲ. ಪ್ರೆಸ್ ಶಾಪ್‌ನಲ್ಲಿ ಕಂಪ್ರೆಸರ್‌ನ ಕಾಂಟ್ಯಾಕ್ಟರ್ ಬಿದ್ದಾಗ, ಪಕ್ಕದ ಶೆಡ್‌ನಲ್ಲಿ ವೆಲ್ಡಿಂಗ್ ಶುರುವಾದಾಗ ತಂತಿಯಲ್ಲಿ ಏನು ಬರುತ್ತದೋ ಹೇಳಲಾಗದು. ಚಿಪ್ ನನಗೆ 150 ರೂಪಾಯಿಗಿಂತ ಕಡಿಮೆಗೆ ಸಿಕ್ಕಿತು. ಅದನ್ನು ಸಾಕೆಟ್‌ನಲ್ಲಿ ಕೂರಿಸಿದ್ದೇನೆ. ಹೋದರೆ ಸ್ಕ್ರೂ ಡ್ರೈವರ್‌ನಿಂದ ಎತ್ತಿ ಇನ್ನೊಂದು ಹಾಕಿದರಾಯಿತು. ಪೈ ಸುಟ್ಟರೆ ಸಾವಿರಾರು ರೂಪಾಯಿ, ಜೊತೆಗೆ ಶಾಪ್ ಎರಡು ದಿನ ಮತ್ತೆ ಸೀಮೆಸುಣ್ಣಕ್ಕೆ.

ಮಷಿನ್ ಕಡೆ 24 ವೋಲ್ಟ್‌ನ ಎನ್‌ಪಿಎನ್ ಪ್ರಾಕ್ಸಿಮಿಟಿ ಸೆನ್ಸರ್. ಕಂದು ತಂತಿ ಪ್ಲಸ್, ನೀಲಿ ಸೊನ್ನೆ, ಕಪ್ಪು ಸಿಗ್ನಲ್. ಪ್ರೆಸ್‌ನ ರ‍್ಯಾಮ್ ಕೆಳಗೆ ಬಂದಾಗ ಸೆನ್ಸರ್ ಆನ್ ಆಗುತ್ತದೆ. ನಡುವೆ ಪಿಸಿ817 ಆಪ್ಟೊಕಪ್ಲರ್ (ತಂತಿ ತಾಗಿಸದೆ ಬೆಳಕಿನಿಂದ ಸುದ್ದಿ ದಾಟಿಸುವ ಭಾಗ) ಮತ್ತು 4.7 ಕಿಲೋಓಮ್ ರೆಸಿಸ್ಟರ್, ಅಂದರೆ ಸುಮಾರು 5 ಮಿಲಿಆಂಪ್. ಚಿಪ್‌ನೊಳಗಿನ ಪುಲ್‌ಅಪ್ 100 ಕಿಲೋಓಮ್‌ನದು. ಪುಲ್‌ಅಪ್ ಅಂದರೆ ಸುಮ್ಮನಿರುವ ಪಿನ್ ಅನ್ನು ಮೇಲಿನ ವೋಲ್ಟ್‌ಗೆ ಎಳೆದಿಡುವ ರೆಸಿಸ್ಟರ್. ಇಂಥ ಜಾಗಕ್ಕೆ ಅದು ತುಂಬಾ ಮೆತ್ತಗೆ. ಹೊರಗೆ 10 ಕಿಲೋಓಮ್ ಹಾಕಿ. ರೀಸೆಟ್ ಕಾಲನ್ನೂ 10 ಕಿಲೋಓಮ್ ಮೂಲಕ 3.3 ವೋಲ್ಟ್‌ಗೆ ಕಟ್ಟಿ, ಸುಮ್ನೆ ತೇಲಲು ಬಿಡಬೇಡಿ.

ಇನ್ನು ಡ್ರೈವರ್.

ಪೈಯಲ್ಲಿ ಓಡುವ ಲಿನಕ್ಸ್‌ನ ತಿರುಳು, ಅಂದರೆ ಕರ್ನಲ್‌ನಲ್ಲಿ ಈ ಚಿಪ್‌ಗೆ ಡ್ರೈವರ್ ಮೊದಲೇ ಇದೆ. ಆದರೆ ಕಲಿಯುವ ಆಸೆಗೆ ಮೊದಲು ನಾನೇ ಒಂದು ಸಣ್ಣದು ಬರೆದೆ. ಇಲ್ಲಿ ಒಂದು ಮಾತು ತಿಳಿದಿರಬೇಕು. ಇಂಟರಪ್ಟ್ ಬಂದ ಕೂಡಲೇ ಓಡುವ ಹ್ಯಾಂಡ್ಲರ್ ನಿದ್ದೆ ಮಾಡುವಂತಿಲ್ಲ. ಯಾವುದಕ್ಕೂ ಕಾಯುವಂತಿಲ್ಲ. ಮ್ಯೂಟೆಕ್ಸ್ (ಸರದಿ ಕಾಯಿಸುವ ಬೀಗ) ಹಿಡಿಯುವಂತಿಲ್ಲ. ಆದರೆ ಯಾವ ಪಿನ್ ಬದಲಾಯಿತು ಅಂತ ತಿಳಿಯಲು ಐ2ಸಿ ಮೇಲೆ ಚಿಪ್ ಅನ್ನೇ ಕೇಳಬೇಕು. ಐ2ಸಿ ಉತ್ತರ ಬರುವವರೆಗೆ ಕಾಯಲೇಬೇಕು. ಎರಡೂ ಒಟ್ಟಿಗೆ ಆಗದು. ಅದಕ್ಕೆ ಥ್ರೆಡೆಡ್ ಇಂಟರಪ್ಟ್ ಬೇಕು. 2009ರಲ್ಲಿ ಬಂದ 2.6.30 ಆವೃತ್ತಿಯಿಂದ ಕರ್ನಲ್‌ನಲ್ಲಿ ಈ ಅನುಕೂಲ ಇದೆ. ಇಂಟರಪ್ಟ್ ಬಂದರೆ ಕರ್ನಲ್ ಒಂದು ಥ್ರೆಡ್, ಅಂದರೆ ಬೇರೆಯಾಗಿ ಓಡುವ ಕೆಲಸದ ಎಳೆ, ಎಬ್ಬಿಸುತ್ತದೆ. ಆ ಥ್ರೆಡ್ ಬೇಕಾದಷ್ಟು ಕಾಯಬಹುದು.

ಅದನ್ನೇ ಮಾಡಿದೆ. ಚಿಪ್‌ನ ಐಎನ್‌ಟಿಎ ಕಾಲನ್ನು ಪೈಯ ಜಿಪಿಐಒ 4 ಅನ್ನುವ ಪಿನ್‌ಗೆ ಜೋಡಿಸಿದೆ. ಸುದ್ದಿ ಇದ್ದಾಗ ಆ ಗೆರೆ, ಅಂದರೆ ತಂತಿಯ ವೋಲ್ಟ್, ಕೆಳಗೆ ಇಳಿಯುತ್ತದೆ. ಇಳಿಯುವ ಅಂಚಿಗೆ, ಅಂದರೆ ಫಾಲಿಂಗ್ ಎಡ್ಜ್‌ಗೆ ಇಂಟರಪ್ಟ್ ಕೇಳಿದೆ. ಮನೆಯ ಟೇಬಲ್ ಮೇಲೆ ಪುಶ್ ಬಟನ್ ಇಟ್ಟು ಒತ್ತಿ ಒತ್ತಿ ನೋಡಿದೆ. ಒಂದೂ ತಪ್ಪಲಿಲ್ಲ. ಶಾಪ್‌ನಲ್ಲಿ ಹಾಕಿ ಬಂದೆ.

ನಾಲ್ಕನೇ ದಿನ ಸಂಜೆ ಕಾಕಾ ಫೋನ್ ಮಾಡಿದರು. "ತಂಗಿ, ಮಷಿನ್ ಎಲ್ಲಾ ನಡದಾವು, ನಿನ್ನ ನಂಬರ್ ಹೆಚ್ಚಾಗವಲ್ದು ನೋಡ." ಜುಲೈ ತಿಂಗಳು, ಬೆಳಗಾವಿಯ ಮಳೆ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಗೊತ್ತು. ರೇನ್‌ಕೋಟ್ ಹಾಕಿಕೊಂಡು ತಿಲಕವಾಡಿಯಿಂದ ಮೂರನೇ ರೈಲ್ವೆ ಗೇಟ್ ದಾಟಿ ಹೋದೆ. ನೀರು ಒಳಗೆ ಹೋಗಿರಬೇಕು ಅಂದುಕೊಂಡೇ ಡಬ್ಬಿ ತೆಗೆದೆ. ಒಳಗೆ ಒಣಗಿತ್ತು.

ಮೊದಲು ನೋಡಿದ್ದು ಪ್ರಾಕ್ ಇಂಟರಪ್ಟ್ಸ್ ಫೈಲ್. ಯಾವ ಇಂಟರಪ್ಟ್ ಎಷ್ಟು ಸಲ ಬಂತು ಅಂತ ಕರ್ನಲ್ ಅಲ್ಲಿ ತೋರಿಸುತ್ತದೆ. ನನ್ನ ಸಾಲಿನ ಅಂಕಿ ನಿಂತಲ್ಲೇ ನಿಂತಿತ್ತು. ಎರಡು ಸಲ ನೋಡಿದೆ, ಹತ್ತು ಸಲ ನೋಡಿದೆ, ಅದೇ ಅಂಕಿ. ಆಮೇಲೆ ಮಲ್ಟಿಮೀಟರ್‌ನ ಕಪ್ಪು ಕಡ್ಡಿ ಗ್ರೌಂಡ್‌ಗೆ, ಕೆಂಪು ಕಡ್ಡಿ ಚಿಪ್‌ನ 20ನೇ ಕಾಲಿಗೆ. ಅದೇ ಐಎನ್‌ಟಿಎ. ಸೊನ್ನೆ ವೋಲ್ಟ್. ಅಂದರೆ ಚಿಪ್ ಸುದ್ದಿ ಇದೆ, ಸುದ್ದಿ ಇದೆ ಅಂತ ಗೆರೆಯನ್ನು ಕೆಳಗೆ ಹಿಡಿದುಕೊಂಡೇ ಇತ್ತು. ಪೈ ಕೇಳಿಸಿಕೊಳ್ಳುತ್ತಿರಲಿಲ್ಲ.

ಟರ್ಮಿನಲ್‌ನಲ್ಲಿ ಐ2ಸಿಗೆಟ್ ಕಮಾಂಡ್ ಹಾಕಿ ಹೆಕ್ಸ್ 10ರ ರಿಜಿಸ್ಟರ್ (ಚಿಪ್ ಒಳಗಿನ ಪುಟ್ಟ ನೆನಪಿನ ಖಾನೆ) ಓದಿದೆ. ಅದು ಐಎನ್‌ಟಿಕ್ಯಾಪ್‌ಎ, ಇಂಟರಪ್ಟ್ ಬಂದ ಗಳಿಗೆಯಲ್ಲಿ ಎ ಪೋರ್ಟ್ ಹೇಗಿತ್ತು ಅಂತ ಹಿಡಿದಿಟ್ಟ ಬೆಲೆ. ಅದನ್ನು ಓದಿದರೆ ಚಿಪ್ ತನ್ನ ಇಂಟರಪ್ಟ್ ಬಿಡುತ್ತದೆ. ಎಂಟರ್ ಒತ್ತಿದ ಮರುಗಳಿಗೆಯೇ ಮೀಟರ್ ಮೇಲೆ 3.3 ಬಂತು. ಹಿಂದೆಯೇ ಪರದೆ ಮೇಲೆ ಅಂಕಿಗಳು ಓಡತೊಡಗಿದವು. ಪಕ್ಕದಲ್ಲಿ ನಿಂತಿದ್ದ ಪ್ರೆಸ್‌ನ ಅಣ್ಣ ಕೇಳಿದರು: "ಅಕ್ಕಾರ, ನಡುವಿನ ಎರಡು ತಾಸಿಂದು ಹೆಂಗ್ರಿ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ದಿನದ ಪೀಸ್‌ಗಳನ್ನು ತೂಕ ಹಾಕಿ ಲೆಕ್ಕ ಮಾಡಿದೆವು. ಒಂದು ಬ್ರ್ಯಾಕೆಟ್‌ಗೆ 38 ಗ್ರಾಂ. ರಾತ್ರಿ ಹತ್ತಾಯಿತು.

ಆಗಿದ್ದು ಹೀಗೆ. ನನ್ನ ಥ್ರೆಡ್ ಮೊದಲು ಎ ಪೋರ್ಟ್ ಓದುತ್ತಿತ್ತು, ಆಮೇಲೆ ಬಿ ಪೋರ್ಟ್. ಎ ಓದಿ ಮುಗಿಸಿ ಬಿ ಓದುವ ನಡುವೆ ಎ ಪೋರ್ಟ್‌ನ ಇನ್ನೊಂದು ಮಷಿನ್ ಹೊಡೆಯಿತು. ಚಿಪ್ ಎ ಪೋರ್ಟ್‌ಗೆ ಮತ್ತೆ ಇಂಟರಪ್ಟ್ ಎತ್ತಿತು. ಬಿ ಓದಿದಾಗ ಬಿಯದು ಮಾತ್ರ ಹೋಯಿತು, ಎಯದು ಉಳಿಯಿತು. ಎರಡೂ ಒಂದೇ ತಂತಿ, ಅಲ್ವಾ? ಹಾಗಾಗಿ ಗೆರೆ ಮೇಲೆ ಬರಲೇ ಇಲ್ಲ. ಮೇಲೆ ಬರದಿದ್ದರೆ ಇಳಿಯುವುದೆಲ್ಲಿ? ಇಳಿಯದಿದ್ದರೆ ಅಂಚಿಲ್ಲ. ಅಂಚಿಲ್ಲದಿದ್ದರೆ ಇಂಟರಪ್ಟ್ ಇಲ್ಲ. ಟೇಬಲ್ ಮೇಲೆ ಒಂದು ಬಟನ್ ಒತ್ತುವಾಗ ಇದು ಆಗುವ ಮಾತೇ ಇಲ್ಲ. ಹನ್ನೊಂದು ಮಷಿನ್ ತಮ್ಮ ಪಾಡಿಗೆ ಹೊಡೆಯುವಲ್ಲಿ ಇವತ್ತಲ್ಲ ನಾಳೆ ಆಗಿಯೇ ಆಗುತ್ತದೆ.

ಎಡ್ಜ್ ಅಂದರೆ ಬಾಗಿಲು ಒಂದು ಸಲ ತಟ್ಟಿ ಸುಮ್ಮನಾಗುವವರು. ಆ ಹೊತ್ತಿಗೆ ನೀವು ಹಿತ್ತಲಲ್ಲಿದ್ದರೆ ಹೋಯಿತು. ಲೆವೆಲ್ ಅಂದರೆ ಬಾಗಿಲು ತೆಗೆಯುವವರೆಗೆ ಕೂಗುತ್ತಲೇ ನಿಲ್ಲುವವರು. ಈ ಚಿಪ್ ಎರಡನೇ ಜಾತಿಯದು. ನಾವು ಓದುವವರೆಗೆ ಅದು ಗೆರೆಯನ್ನು ಹಿಡಿದೇ ಇರುತ್ತದೆ. ಹಾಗಾಗಿ ಅದಕ್ಕೆ ಲೆವೆಲ್ ಲೋ ಇಂಟರಪ್ಟ್ ಕೇಳಬೇಕು. ಯಾವ ಚಿಪ್ ಎಲ್ಲಿದೆ ಅಂತ ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀಯಲ್ಲಿ 2 ಅಂದರೆ ಫಾಲಿಂಗ್ ಎಡ್ಜ್, 8 ಅಂದರೆ ಲೆವೆಲ್ ಲೋ. ನನ್ನ ತಪ್ಪು ಅಷ್ಟೇ, 8 ಇರಬೇಕಾದಲ್ಲಿ 2.

ಲೆವೆಲ್ ಮಾಡಿದರೆ ಒನ್‌ಶಾಟ್ ಫ್ಲ್ಯಾಗ್ (ಇಂಟರಪ್ಟ್ ಕೇಳುವಾಗ ಜೊತೆಗೆ ಕೊಡುವ ಗುರುತು) ಯಾಕೆ ಬೇಕು ಅನ್ನುವುದೂ ಸರಿಯಾಗಿ ಅರ್ಥವಾಗುತ್ತದೆ. ಥ್ರೆಡ್ ಇನ್ನೂ ಚಿಪ್ ಓದುತ್ತಿರುವಾಗ ಗೆರೆ ಕೆಳಗೇ ಇರುತ್ತದೆ. ಆಗ ಇಂಟರಪ್ಟ್ ತೆರೆದೇ ಇಟ್ಟರೆ ಅದು ಮತ್ತೆ ಮತ್ತೆ ಹೊಡೆಯುತ್ತದೆ, ಪ್ರೊಸೆಸರ್‌ಗೆ ಬೇರೆ ಕೆಲಸಕ್ಕೆ ಬಿಡುವೇ ಸಿಗುವುದಿಲ್ಲ. ಒನ್‌ಶಾಟ್ ಹಾಕಿದರೆ ಥ್ರೆಡ್ ಮುಗಿಯುವವರೆಗೆ ಆ ಗೆರೆ ಮುಚ್ಚಿರುತ್ತದೆ. ಮುಗಿದ ಮೇಲೆ ತೆರೆದಾಗ ಗೆರೆ ಇನ್ನೂ ಕೆಳಗಿದ್ದರೆ ಥ್ರೆಡ್ ಮತ್ತೊಮ್ಮೆ ಏಳುತ್ತದೆ. ನನಗೆ ತಪ್ಪಿ ಹೋಗಿದ್ದ ಆ ಹೊಡೆತ ಈಗ ತಪ್ಪುವುದಿಲ್ಲ. ನಾವೇ ಮೊದಲ ಹ್ಯಾಂಡ್ಲರ್ ಕೊಡದೆ ಬರೀ ಥ್ರೆಡ್ ಕೊಟ್ಟು ಈ ಫ್ಲ್ಯಾಗ್ ಮರೆತರೆ ಕರ್ನಲ್ ಸಾಮಾನ್ಯವಾಗಿ ಇಂಟರಪ್ಟ್ ಕೊಡಲು ಒಪ್ಪುವುದೇ ಇಲ್ಲ. ಆ ಹಟ ಒಳ್ಳೆಯದಕ್ಕೇ ಇದೆ.

ಇಷ್ಟಾದ ಮೇಲೆ ನನ್ನ ಡ್ರೈವರ್ ಬದಿಗಿಟ್ಟು ಕರ್ನಲ್‌ನದ್ದೇ ಹಾಕಿದೆ. ನೀವೂ ಹಾಗೇ ಮಾಡಿ. ಅದು ಲೆವೆಲ್ ಇಂಟರಪ್ಟ್, ಒನ್‌ಶಾಟ್ ಎಲ್ಲ ತಾನೇ ಹಾಕಿಕೊಳ್ಳುತ್ತದೆ. ಪೈಯಲ್ಲಾದರೆ ಕಾನ್ಫಿಗ್ ಫೈಲ್‌ನಲ್ಲಿ ಎಂಸಿಪಿ23017 ಓವರ್‌ಲೇ (ಡಿವೈಸ್ ಟ್ರೀಗೆ ಸೇರಿಸುವ ತುಣುಕು) ಹೆಸರು, ಅಡ್ರೆಸ್, ಜಿಪಿಐಒ ನಂಬರ್ ಬರೆದರೆ ಸಾಕು. ಆಮೇಲೆ ಚಿಪ್‌ನ ಒಂದೊಂದು ಪಿನ್‌ಗೂ ತನ್ನದೇ ಇಂಟರಪ್ಟ್ ನಂಬರ್ ಸಿಗುತ್ತದೆ. ಪ್ರಾಕ್ ಇಂಟರಪ್ಟ್ಸ್‌ನಲ್ಲಿ ನನಗೆ ಈಗ ಹನ್ನೊಂದು ಸಾಲು ಬೇರೆ ಬೇರೆ ಕಾಣುತ್ತವೆ. ಯಾವ ಮಷಿನ್ ನಿಂತಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಇದು ನನಗೆ ಬಹಳ ಹಿಡಿಸಿದ ಸಂಗತಿ.

ಅಲ್ಲೂ ಅರ್ಧ ದಿನ ಹೋಯಿತು. ಪೀಸ್ ಎಣಿಸುವ ನನ್ನ ಡ್ರೈವರ್ ಮೊದಲು ಪೈಯ ಸ್ವಂತ ಪಿನ್ ಮೇಲೆ ಚೆನ್ನಾಗಿ ಓಡುತ್ತಿತ್ತು. ಅದನ್ನೇ ಚಿಪ್‌ನ ಪಿನ್‌ಗೆ ತೋರಿಸಿದೆ. ಮೈನಸ್ 22 ಅಂತ ಎರರ್. ಅಂದರೆ ನೀನು ಕೊಟ್ಟ ಮಾಹಿತಿ ಸರಿಯಿಲ್ಲ ಅಂತ. ಕೋಡ್‌ನಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ, ಸರಿಯಿಲ್ಲ ಅಂದರೆ ಏನು?

ಕಾರಣ ಇದು. ಚಿಪ್‌ನ ಪಿನ್‌ನ ಇಂಟರಪ್ಟ್ ನಿಜವಾಗಿ ಹುಟ್ಟುವುದು ಚಿಪ್ ಡ್ರೈವರ್‌ನ ಥ್ರೆಡ್ ಒಳಗೆ. ಆ ಥ್ರೆಡ್ ಐ2ಸಿ ಓದಿ, ಯಾವ ಪಿನ್ ಅಂತ ತಿಳಿದು, ಆಮೇಲೆ ಆ ಪಿನ್‌ನ ಹ್ಯಾಂಡ್ಲರ್‌ಗೆ ಹೇಳುತ್ತದೆ. ಇದಕ್ಕೆ ನೆಸ್ಟೆಡ್ ಇಂಟರಪ್ಟ್ ಅನ್ನುತ್ತಾರೆ. ಗೂಡಿನೊಳಗೆ ಗೂಡು. ಅಲ್ಲಿ ಓಡುವುದು ಥ್ರೆಡ್ ಹ್ಯಾಂಡ್ಲರ್ ಮಾತ್ರ. ನಾನು ಹಳೆಯ ಪದ್ಧತಿಯಲ್ಲಿ, ರಿಕ್ವೆಸ್ಟ್ ಐಆರ್‌ಕ್ಯೂ ಫಂಕ್ಷನ್‌ನಿಂದ ಥ್ರೆಡ್ ಇಲ್ಲದೆ ಕೇಳಿದ್ದೆ. ಕರ್ನಲ್ ಬೇಡ ಅಂದಿತು.

ರಿಕ್ವೆಸ್ಟ್ ಎನಿ ಕಾಂಟೆಕ್ಸ್ಟ್ ಐಆರ್‌ಕ್ಯೂ ಅನ್ನುವ ಫಂಕ್ಷನ್ ಇದೆ. ಪಿನ್ ಪೈಯದಾದರೆ ನೇರ ಹ್ಯಾಂಡ್ಲರ್, ಚಿಪ್‌ನದಾದರೆ ಥ್ರೆಡ್, ಅದೇ ನೋಡಿಕೊಳ್ಳುತ್ತದೆ. ಕರ್ನಲ್‌ನ ಜಿಪಿಐಒ ಕೀಸ್ ಡ್ರೈವರ್ ಕೂಡ ಇದನ್ನೇ ಬಳಸುತ್ತದೆ. ಆದರೆ ಒಂದು ಕಡೆ ಕಣ್ಣಿಟ್ಟಿರಿ. ನೆಸ್ಟೆಡ್ ಆಗಿ ಸಿಕ್ಕರೆ ಅದು ಸೊನ್ನೆ ಬದಲು 1 ಕೊಡುತ್ತದೆ. ಸೊನ್ನೆ ಅಲ್ಲದ್ದೆಲ್ಲ ಎರರ್ ಅಂತ ಬರೆಯುವ ಅಭ್ಯಾಸ ನಮಗೆಲ್ಲ ಇದೆ. ಹಾಗೆ ಬರೆದರೆ ಗೆದ್ದ ಕೆಲಸವನ್ನೇ ಸೋತಿದ್ದು ಅಂತ ತಿಳಿದು ಡ್ರೈವರ್ ಹೊರಗೆ ಹೋಗುತ್ತದೆ. ಸೊನ್ನೆಗಿಂತ ಕಡಿಮೆ ಇದ್ದರೆ ಮಾತ್ರ ಎರರ್ ಅನ್ನಿ. ಪಿನ್‌ನ ಬೆಲೆ ಓದುವಾಗಲೂ ಕ್ಯಾನ್‌ಸ್ಲೀಪ್ ಅಂತ ಹೆಸರಿನ ಕೊನೆಗಿರುವ ಫಂಕ್ಷನ್ ಬಳಸಿ. ಇಲ್ಲದಿದ್ದರೆ ಕರ್ನಲ್ ಲಾಗ್ ತುಂಬಾ ಎಚ್ಚರಿಕೆಯ ಸಾಲುಗಳು.

ಚಿಪ್‌ನ ಮಿತಿ ಎಲ್ಲಿದೆ ಅಂದರೆ ವೇಗದಲ್ಲಿ. ಪೈಯಲ್ಲಿ ಐ2ಸಿ ಸಾಮಾನ್ಯವಾಗಿ 100 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ. ಎರಡು ಪೋರ್ಟ್‌ನ ಒಂದು ಜೋಡಿ ರಿಜಿಸ್ಟರ್ ಓದಲು ಅಡ್ರೆಸ್ ಎಲ್ಲ ಸೇರಿ ಸುಮಾರು 47 ಬಿಟ್, ಅಂದರೆ ಅರ್ಧ ಮಿಲಿಸೆಕೆಂಡ್. ಪ್ರತಿ ಇಂಟರಪ್ಟ್‌ಗೂ ಡ್ರೈವರ್ ಇಂಥ ಮೂರು ಜೋಡಿ ಓದುತ್ತದೆ. ಒಂದೂವರೆ ಮಿಲಿಸೆಕೆಂಡ್ ಅಲ್ಲೇ ಹೋಯಿತು. ಬಸ್ಸನ್ನು 400 ಕಿಲೋಹರ್ಟ್ಸ್‌ಗೆ ಏರಿಸಿದೆ, ಅದು ಅರ್ಧ ಮಿಲಿಸೆಕೆಂಡ್‌ಗಿಂತ ಕೆಳಗೆ ಬಂತು. ಪ್ರೆಸ್ ಹೊಡೆಯುವುದು ಸೆಕೆಂಡಿಗೆ ಒಂದು ಸಲ. ಅದಕ್ಕೆ ಇದು ಧಾರಾಳ.

ಆಮೇಲೆ ಕಾಕಾ ಲೇತ್‌ನ ಕೂಲಂಟ್ ಎಷ್ಟು ಹರಿಯುತ್ತದೆ ಅಂತಲೂ ನೋಡಬೇಕು ಅಂದರು. ಫ್ಲೋ ಮೀಟರ್ ಲೀಟರ್‌ಗೆ 450 ಪಲ್ಸ್ ಕೊಡುವಂಥದ್ದು. ನಿಮಿಷಕ್ಕೆ 20 ಲೀಟರ್ ಹರಿದರೆ ಸೆಕೆಂಡಿಗೆ 150 ಪಲ್ಸ್. ಪ್ರತಿ ಪಲ್ಸ್ ಏರುವಾಗೊಮ್ಮೆ, ಇಳಿಯುವಾಗೊಮ್ಮೆ ಚಿಪ್ ಸುದ್ದಿ ಹೇಳುತ್ತದೆ, ಸೆಕೆಂಡಿಗೆ 300 ಸಲ. ಇದನ್ನು ಚಿಪ್ ಮೇಲೆ ಹಾಕಿ ಬಕೆಟ್ ಇಟ್ಟು ಅಳೆದು ನೋಡಿದೆ. ಲೆಕ್ಕ ಕಡಿಮೆ ಬಂತು. ಒಂದು ಬದಲಾವಣೆಯನ್ನು ಓದುವ ಮೊದಲೇ ಅದೇ ಪಿನ್ ಎರಡು ಸಲ ಬದಲಾದರೆ ಮಧ್ಯದ್ದು ಚಿಪ್‌ನಲ್ಲಿ ಎಲ್ಲೂ ಉಳಿಯುವುದಿಲ್ಲ. ಹನ್ನೆರಡು ಪಿನ್ ಒಟ್ಟಿಗೆ ಮಾತಾಡುವಾಗ ಇದು ಜಾಸ್ತಿ.

ಫ್ಲೋ ಮೀಟರ್ ಅನ್ನು ಆಪ್ಟೊಕಪ್ಲರ್ ಮೂಲಕ ಪೈಯ ಜಿಪಿಐಒ 17ಕ್ಕೆ ತಂದೆ. ಕರ್ನಲ್‌ನಲ್ಲೇ ಇಂಟರಪ್ಟ್ ಕೌಂಟರ್ ಅನ್ನುವ ಪುಟ್ಟ ಡ್ರೈವರ್ ಇದೆ. ಇಂಟರಪ್ಟ್ ಬಂದರೆ ಒಂದು ಅಂಕಿ ಏರಿಸುತ್ತದೆ, ಬೇರೆ ಏನೂ ಮಾಡುವುದಿಲ್ಲ. ಕರ್ನಲ್ ಕಂಪೈಲ್ ಮಾಡುವಾಗ ಅದನ್ನು ಆರಿಸಿಕೊಂಡೆ. ಲೆಕ್ಕ ಬಕೆಟ್‌ಗೆ ಸರಿಹೋಯಿತು. ಈ ಡ್ರೈವರ್ ನೇರ ಹ್ಯಾಂಡ್ಲರ್ ಕೇಳುವುದರಿಂದ ಚಿಪ್‌ನ ಪಿನ್ ಮೇಲೆ ಹತ್ತುವುದಿಲ್ಲ, ಅದೇ ಮೈನಸ್ 22.

ಟ್ಯಾಪಿಂಗ್ ಮಷಿನ್‌ನಲ್ಲಿ ಮಾತ್ರ ಲಿಮಿಟ್ ಸ್ವಿಚ್ ಇದೆ. ಅದರ ಲೋಹದ ಎಲೆ ಕುಣಿದು ಒಂದು ಪೀಸ್‌ಗೆ ಮೂರು ಎಣಿಸುತ್ತಿತ್ತು. ಚಿಪ್‌ನೊಳಗೆ ಡಿಬೌನ್ಸ್, ಅಂದರೆ ಈ ಕುಣಿತ ಸೋಸುವ ಏರ್ಪಾಡು, ಇಲ್ಲ. ಹ್ಯಾಂಡ್ಲರ್‌ನಲ್ಲಿ ಹಿಂದಿನ ಹೊಡೆತದ ಹೊತ್ತು ಇಟ್ಟುಕೊಂಡು 20 ಮಿಲಿಸೆಕೆಂಡ್‌ಗಿಂತ ಬೇಗ ಬಂದದ್ದನ್ನು ಬಿಟ್ಟೆ. ಮುಗಿಯಿತು.

ಕೊಳ್ಳುವವರಿಗೆ ಒಂದು ಮುಖ್ಯ ವಿಷಯ. 16 ಪಿನ್ ಅಂತ ಎಲ್ಲರೂ ಹೇಳುತ್ತಾರೆ. ಈಗಿನ ಡೇಟಾಶೀಟ್ ತೆಗೆದು ನೋಡಿ. ಐ2ಸಿ ಮಾದರಿಯಲ್ಲಿ ಎ ಪೋರ್ಟ್‌ನ 7 ಮತ್ತು ಬಿ ಪೋರ್ಟ್‌ನ 7, ಈ ಎರಡು ಪಿನ್ ಔಟ್‌ಪುಟ್‌ಗೆ ಮಾತ್ರ ಅಂತ ಬರೆದಿದೆ. ಹಾಗಾಗಿ ಸೆನ್ಸರ್‌ಗೆ ಸಿಗುವುದು 14. ಹಳೆಯ ಡೇಟಾಶೀಟ್ ನೋಡಿ ಬೋರ್ಡ್ ಮಾಡಿಸಿದರೆ ಆಮೇಲೆ ತಾಪತ್ರಯ. ನಾನು ಆ ಎರಡಕ್ಕೆ ಎಲ್‌ಇಡಿ ಹಾಕಿದ್ದೇನೆ. ಹಸಿರು ಉರಿದರೆ ಡಬ್ಬಿ ಎಣಿಸುತ್ತಿದೆ ಅಂತ ದೂರದಿಂದಲೇ ಕಾಣುತ್ತದೆ.

ಆನ್‌ಲೈನ್‌ನಲ್ಲಿ ರೆಡಿ ಮಾಡ್ಯೂಲ್ ಕೂಡ ಸಿಗುತ್ತದೆ. ನಾನು ತರಿಸಿದ ಒಂದರಲ್ಲಿ ಐಎನ್‌ಟಿಎ, ಐಎನ್‌ಟಿಬಿ ಅಕ್ಷರಗಳು ಅದಲುಬದಲಾಗಿದ್ದವು. ಬಿಡಿ ಚಿಪ್ ತೆಗೆದುಕೊಂಡು ಸಾಕೆಟ್‌ನಲ್ಲಿ ಕೂರಿಸುವುದೇ ಮೇಲು. ಮಾಡ್ಯೂಲ್ ಆದರೆ 5 ವೋಲ್ಟ್ ಕೊಡಬೇಡಿ. ಅದರ ಮೇಲಿನ ಪುಲ್‌ಅಪ್ ರೆಸಿಸ್ಟರ್‌ಗಳು ಐ2ಸಿ ತಂತಿಯನ್ನು 5ಕ್ಕೆ ಎಳೆದರೆ ಪೈಗೆ ಅಪಾಯ. 3.3 ಕೊಡಿ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಕಡಿಮೆ ಮಾಡಿದ ಒಂದು ಅಂಕ ಡಿಬೌನ್ಸ್ ಇಲ್ಲದ್ದಕ್ಕೆ ಮತ್ತು ಆ ಎರಡು ಪಿನ್‌ಗೆ. ಎಂಜಿನಿಯರಿಂಗ್ ಓದುವ ಮಕ್ಕಳು ಪ್ರಾಜೆಕ್ಟ್‌ಗೆ ಏನು ತೆಗೆದುಕೊಳ್ಳಲಿ ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಎಡ್ಜ್, ಲೆವೆಲ್, ಥ್ರೆಡ್, ನೆಸ್ಟೆಡ್, ನಾಲ್ಕೂ ಒಂದೇ ಚಿಪ್‌ನಲ್ಲಿ ಕೈಗೆ ಸಿಗುತ್ತವೆ.

ಶಾಪ್‌ನಲ್ಲಿ ಈಗಲೂ ಶನಿವಾರ ತೂಕ ಹಾಕಿ ಡಬ್ಬಿಯ ಲೆಕ್ಕಕ್ಕೆ ಹೋಲಿಸುತ್ತೇವೆ. ಆ ಜುಲೈ ನಂತರ ಅಂತರ ಬಂದಿಲ್ಲ. ಹಿಂದಿನ ಶೆಡ್‌ನಲ್ಲಿ ಇನ್ನೂ ಐದು ಪ್ರೆಸ್ ಬಂದಿವೆ. ಅವಕ್ಕೆ ಹೆಕ್ಸ್ 21ರ ಅಡ್ರೆಸ್‌ನಲ್ಲಿ ಎರಡನೇ ಚಿಪ್ ಹಾಕುತ್ತಿದ್ದೇನೆ. ಎರಡರ ಇಂಟರಪ್ಟ್ ಕಾಲನ್ನೂ ಓಪನ್ ಡ್ರೇನ್ (ಗೆರೆಯನ್ನು ಕೆಳಗೆ ಎಳೆಯುವ, ಮೇಲೆ ತಳ್ಳದ ರೀತಿ) ಮಾಡಿ, 10 ಕಿಲೋಓಮ್ ಪುಲ್‌ಅಪ್ ಕೊಟ್ಟು, ಅದೇ ಜಿಪಿಐಒ 4ಕ್ಕೆ ಕಟ್ಟುತ್ತೇನೆ. ಪ್ರೆಸ್‌ನ ಅಣ್ಣ ಮೊನ್ನೆ ಹೊಸ ಶೆಡ್‌ನಲ್ಲಿ ತಂತಿ ಎಳೆಯಲು ತಾವೇ ಏಣಿ ಹಿಡಿದು ನಿಂತಿದ್ದರು.